ತೂಬಿನ ಕೆಳಗಿನ ತಾಕು

ಹೆಣ ಒಯ್ಯಲು ಬಂದು ನಿಂತಿದ್ದ ವ್ಯಾನಿನ ಬಾಗಿಲನ್ನು ಧರಣಿ ದಡಾರನೆ ಮುಚ್ಚಿದಳು.

“ನಮ್ಮಲ್ಲಿ ಯಾರನ್ನ ಸುಟ್ಟವ್ರೆ ಹೇಳಣ್ಣ? ತಾತನ್ನ ಮಣ್ಣು ಮಾಡುದ್ರು, ಅವ್ವನ್ನೂ ಮಣ್ಣು ಮಾಡುದ್ರು. ಅಪ್ಪಂಗೆ ಮಾತ್ರ ಯಾಕೆ ಚಿತಾಗಾರ?”

ಅಣ್ಣ ವಿಜಯ್‌ಕುಮಾರ್ ತಂಗಿಯ ಮುಖ ನೋಡಲಿಲ್ಲ. “ಸ್ಮಶಾನದಲ್ಲಿ ಜಾಗ ಎಲ್ಲದೆ ಕಣಮ್ಮ?”

“ತೂಬಿನ ಕೆಳಗೆ ನಮ್ದೇ ತಾಕು ಅದಲ್ಲ. ಅಲ್ಲೇ ಹೂಳ್ಬೇಕು ಅಂತ ಅಪ್ಪ ನನ್ ಕೈಲಿ ಭಾಷೆ ತಗಂಡವ್ರೆ. ಈ ವ್ಯಾನ್ ಕರ್ಸಿದ್ಯಾರು?”

ಅಣ್ಣ ಬಾಯಿ ಬಿಡುವ ಮೊದಲೇ ಡ್ರೈವರ್ ಹೇಳಿಬಿಟ್ಟ: “ಪ್ರಸಾದ್ ಸಾರ್ ಕಳ್ಸುದ್ರು.”

ಸತ್ತ ನಿಂಗಯ್ಯ ನಲವತ್ತು ವರ್ಷ ಈ ಊರ ಕೆರೆಯ ನೀರುಗಂಟಿ. ತೂಬು ಎತ್ತಿ, ಇಳಿಸಿ, ಗದ್ದೆ ಗದ್ದೆಗೂ ನೀರು ಹಂಚಿದವನು. ಮೈಸೂರು ಬೆಳೆದು ಊರನ್ನು ನುಂಗಿದ ಮೇಲೆ ಗದ್ದೆಗಳೂ ಹೋದವು. ಈಗ ಇಲ್ಲಿ ಕಿಟಕಿಯಿಂದ ಕೈಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ತೂಬಿನ ಕೆಳಗೆ ಉಳಿದಿದ್ದ ಜೌಗಿಗೂ ಲೋಡುಗಟ್ಟಲೆ ಮಣ್ಣು ಸುರಿದು ಮಹದೇವಪ್ರಸಾದ್ ಬಡಾವಣೆ ಮಾಡಿದ್ದ. ಅದರಲ್ಲಿ, ತಮ್ಮ ತಾಕಿನ ಮೇಲೆಯೇ, ಮೊದಲ ಮನೆ ಕಟ್ಟಿದವನು ವಿಜಯ್‌ಕುಮಾರ್. ಜೌಗು ಮುಚ್ಚಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದರು. ಸೋಮವಾರ ಅಧಿಕಾರಿಗಳು ನೋಡಲು ಬರುವವರಿದ್ದರು.

*

ಹೋದ ತಿಂಗಳು ಧರಣಿ ಮೇಟಗಳ್ಳಿಯ ಫ್ಯಾಕ್ಟರಿಯಿಂದ ಬಂದಾಗ ಮಹದೇವಪ್ರಸಾದ್ ಮನೆಯಿಂದ ಹೊರಡುತ್ತಿದ್ದ. ಅಪ್ಪ ಟವೆಲ್ಲಿಗೆ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಿದ್ದ.

“ಏನಪ್ಪಾ ಅದು?”

“ತೂಬಿನ ಕೆಳಗಿಂದು ಮೊದ್ಲಿಂದ್ಲೂ ಒಣ ಜಾಗ ಅಂತ ಬರ್ಕೊಂಡು ಬಂದಿದ್ರು. ಇಲ್ದಿದ್ರೆ ನಿಮ್ಮಣ್ಣನ ಮನೆ ಕೆಡವ್ಬುಡ್ತಾರಂತೆ.”

“ನೀರುಗಂಟಿ ಆಗಿ ಸುಳ್ಳು ಹೇಳ್ಬುಟ್ಯಲ್ಲಪ್ಪ.”

ಅಪ್ಪ ಅವಳ ಕೈ ಹಿಡಿದು ಭಾಷೆ ತಗೊಂಡು, “ನಾನು ಸತ್ರೆ ಅಲ್ಲೇ ಹೂಣ್ಬುಡು. ಆಳುದ್ದ ಅಗಿಸ್ಬೇಕು, ಕಮ್ಮಿ ಮಾಡ್ಬಾರ್ದು” ಎಂದಿದ್ದ.

ಆಗ ಧರಣಿಗೆ ಮೈಯೆಲ್ಲ ಉರಿದಿತ್ತು. ಒಣ ಜಾಗ ಎಂದು ಸಾರಲು ಈ ಮುದುಕ ತನ್ನ ಹೆಣವನ್ನೂ ಸಾಕ್ಷಿಗೆ ಕೊಡುತ್ತಾನೆ ಎಂದುಕೊಂಡಿದ್ದಳು. ಆಮೇಲೆ ಅವನೊಡನೆ ನೆಟ್ಟಗೆ ಮಾತಾಡಲೇ ಇಲ್ಲ.

*

ಆದರೆ ಒಣ ಜಾಗವಾದರೆ ಮಹದೇವಪ್ರಸಾದನಿಗೆ ಒಂದು ಗುಂಡಿಯ ಭಯ ಯಾಕೆ? ವ್ಯಾನು ಖಾಲಿಯಾಗಿ ವಾಪಸು ಹೋಗುವುದನ್ನು ನೋಡುತ್ತ ಧರಣಿ ಅದನ್ನೇ ಯೋಚಿಸಿದಳು.

“ಸತ್ತವನ ಮಾತು ಮೀರ್ಬಾರ್ದು” ಎಂದು ಚಿಕ್ಕಪ್ಪ ಸಿದ್ದಮಲ್ಲಪ್ಪ ಗುದ್ದಲಿ ತಂದರು. ತಾಕಿನಲ್ಲಿ ಉಳಿದಿದ್ದದ್ದು ವಿಜಯ್‌ಕುಮಾರನ ಮನೆಯ ಗೋಡೆ ಪಕ್ಕದ ಒಂದು ತುಂಡು ನೆಲ. ಮೊದಲ ಮಣ್ಣು ಮಗನೇ ಎತ್ತಬೇಕು. ವಿಜಯ್‌ಕುಮಾರ್ ಪ್ಯಾಂಟು ಮಡಿಚಿಕೊಂಡು ಇಳಿದ. ಕೆಂಪು ಮಣ್ಣು ಬಂತು, ಒಡೆದ ಇಟ್ಟಿಗೆ, ಸಿಮೆಂಟಿನ ಚೀಲ ಬಂದವು.

ಅಷ್ಟರಲ್ಲಿ ಮಹದೇವಪ್ರಸಾದ್ ಆಳೆತ್ತರದ ಹಾರ ಹಿಡಿದು ಬಂದ. “ಮೂರಡಿ ಸಾಕು ಬುಡಿ ಯಜಮಾನ್ರೆ. ಬಿಸ್ಲು ಬೇರೆ.”

“ಆಳುದ್ದ ಅಗೀರಿ ಚಿಕ್ಕಪ್ಪ. ಅಪ್ಪ ಹೇಳವ್ರೆ” ಎಂದಳು ಧರಣಿ.

ಎದೆಮಟ್ಟ ಇಳಿದಾಗ ಮಣ್ಣು ಕಪ್ಪಗಾಯಿತು. ಇನ್ನೊಂದು ಏಟಿಗೆ ಗುದ್ದಲಿ ಪಚಕ್ಕೆಂದಿತು. ಮಳೆ ಬಿದ್ದು ನಾಲ್ಕು ತಿಂಗಳಾಗಿತ್ತು. ವಿಜಯ್‌ಕುಮಾರನ ಕಾಲಬೆರಳು ಮುಳುಗಿದವು, ಆಮೇಲೆ ಹಿಮ್ಮಡಿ.

“ಎಲ್ಲೋ ಪೈಪ್ ಒಡೆದಿರ್ಬೇಕು” ಎಂದ ಮಹದೇವಪ್ರಸಾದ್.

ಸಿದ್ದಮಲ್ಲಪ್ಪ ಬಗ್ಗಿ ಬೊಗಸೆಯಲ್ಲಿ ಎತ್ತಿ ಮೂಸಿದರು. “ಕೆರೆ ನೀರು ಕಣಪ್ಪ. ನಾವು ಮೂಸಿಲ್ವಾ ಇದನ್ನ?”

ಸುತ್ತ ನಿಂತವರ ಫೋನುಗಳು ಒಂದೊಂದಾಗಿ ಮೇಲೆದ್ದವು. ಧರಣಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ಚಟ್ಟದ ಬಳಿ ಕೂತು ಅಪ್ಪನ ಹೆಬ್ಬೆಟ್ಟನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಂದು ತಿಂಗಳು ಇವನಿಗೆ ಊಟ ಬಡಿಸುವಾಗಲೂ ಮುಖ ತಿರುಗಿಸಿದ್ದಳು.

“ನೀರು ಎತ್ತಾಕಪ್ಪ, ಹೊತ್ತಾಯ್ತದೆ” ಎಂದು ಸಿದ್ದಮಲ್ಲಪ್ಪ ಬಕೆಟ್ಟು ಇಳಿಸಿದರು.

ವಿಜಯ್‌ಕುಮಾರ್ ಮೊಗೆದು ಮೊಗೆದು ಮೇಲೆ ಕೊಟ್ಟ. ಒಂಬತ್ತನೆಯ ಬಕೆಟ್ಟು ಕೊಟ್ಟು ಬಗ್ಗಿದಾಗ ನೀರು ಮತ್ತೆ ಅವನ ಹಿಮ್ಮಡಿಯ ಮೇಲೇ ಇತ್ತು. ಅವನು ಸೊಂಟ ನೆಟ್ಟಗೆ ಮಾಡಿಕೊಂಡು ತಲೆಯೆತ್ತಿದ. ಯುಗಾದಿಗೆ ಎರಡನೇ ಸಲ ಬಣ್ಣ ಹೊಡೆಸಿದ್ದ ಅವನ ಮನೆಯ ಗೋಡೆ ಎದುರಿಗೇ ಇತ್ತು. ಬುಡದಿಂದ ಮೊಣಕಾಲೆತ್ತರದವರೆಗೆ ತೇವ ಹತ್ತಿತ್ತು.