ಉಡಿ ತುಂಬಿದ ಮರುದಿನ

ನಲವತ್ತೆರಡರ ಚಳವಳಿಗೆ ಇನ್ನೂ ಏಳೆಂಟು ವರ್ಷವಿತ್ತು. ಗೋಕಾಕ ಕೋರ್ಟಿನಲ್ಲಿ ನನ್ನ ಅಕ್ಕ ಪಾರವ್ವನ ಕೇಸು ತೀರ್ಪಿಗೆ ಬಂದಿತ್ತು. ಮಮದಾಪುರದ ಬಾವಿ ಇರುವ ಹೊಲದ ಕೇಸು. ಅಕ್ಕನ ಗಂಡ ಸಾಯುವ ಮೊದಲೇ ತನ್ನ ಅಣ್ಣ ಮುರಿಗೆಪ್ಪನಿಂದ ಬೇರೆಯಾಗಿದ್ದರೆ ಹೊಲ ಅಕ್ಕನದು. ಕೂಡಿದ ಮನೆಯಲ್ಲೇ ಸತ್ತಿದ್ದರೆ ಮುರಿಗೆಪ್ಪನದು, ಅಕ್ಕನಿಗೆ ಹೊಟ್ಟೆಗಿಷ್ಟು. ಆಗಿನ ಕಾಯಿದೆ ಹಾಗಿತ್ತು.

ಬೇರೆಯಾದದ್ದು ಖರೆ. ಆದರೆ ಕಾಗದ ಮಾಡಿರಲಿಲ್ಲ. ಹಿರಿಯನೊಬ್ಬ ಬಂದು ಹಳೆಯ ಒಲೆಯ ಕೆಂಡ ತೆಗೆದು ಹೊಸ ಒಲೆಗೆ ಹಾಕಿದರೆ ಪಾಲಾದಂತೆ. ಅಂದು ಕೆಂಡ ಹಾಕಿದವರು ಜೈನರ ಪಾಯಪ್ಪ. ಅದನ್ನು ಅವರು ಜಡ್ಜಸಾಹೇಬರ ಮುಂದೆ ನಿಂತು ಹೇಳಿದ್ದರು. ನಮಗಿದ್ದ ಸಾಕ್ಷಿ ಅವರೊಬ್ಬರೇ.

ತೀರ್ಪು ಶುಕ್ರವಾರವೆಂದು ಗೊತ್ತಾಯಿತು. ಸಾಹೇಬರಿಗೆ ಐವತ್ತೈದು ತುಂಬುವುದಿತ್ತು. ಅದೇ ಅವರ ನೌಕರಿಯ ಕಡೆಯ ದಿನ. ಮುರಿಗೆಪ್ಪ ಕೋರ್ಟಿನ ಹುಣಸೆಮರದ ಕೆಳಗೆ ಕುಳಿತು ನನ್ನನ್ನು ಕೆಣಕುತ್ತಿದ್ದ.

"ಏ ಲಕ್ಕ್ಯಾ, ನಿಮ್ಮ ಸಾಹೇಬ ಗಂಟು ಕಟ್ಟಾಕತ್ತಾನ. ಶುಕ್ರವಾರ ಒಂದ ಜಾರಲಿ, ಹೊಸಾಂವ ಬರ್ತಾನ. ಮತ್ತ ಅ ಆ ಇ ಈ!"

ನಾನು ಒಳಗೆ ಓಡಿದೆ. ನಮ್ಮ ವಕೀಲ ಕುಂಥುನಾಥರನ್ನು ಕೇಳಿದೆ: "ಸಾಹೇಬ್ರ ಮಗಾ ಬರ್ತಾನೇನ್ರಿ ಆ ಕುರ್ಚಿಗೆ?"

ಅವರು ನಕ್ಕರು. "ಗೌಡಕಿ ಅಂತ ಮಾಡೀಯೇನ? ವಕೀಲಕಿ ಮಾಡಿದವರೊಳಗ ನೋಡಿ ಮುಂಬಯಿ ಸರಕಾರದವರು ಆರಸ್ತಾರ. ಗುರುತಿನವರು ಇದ್ದ ಊರಿಗೆ ಹಾಕೂದಿಲ್ಲ."

ಪಂಚರನ್ನು ನಾವು ಆರಿಸುವುದು ಅವರು ನಮ್ಮನ್ನು ಬಲ್ಲರೆಂದು. ಯಾರನ್ನೂ ಅರಿಯದವನನ್ನು ಹುಡುಕಿ ಕಳಿಸುವುದು ನನಗೆ ಆಗ ವಿಚಿತ್ರವಾಗಿ ಕಂಡಿತು.

ಗುರುವಾರ ಸಂಜೆ ಊರ ಹೆಂಗಸರು ಸಾಹೇಬರ ಮನೆಗೆ ಹೊರಟಿದ್ದರು, ಅವರ ಹೆಂಡತಿಗೆ ಉಡಿ ತುಂಬಲು. ಊರು ಬಿಟ್ಟು ಹೋಗುವ ಹೆಣ್ಣುಮಗಳನ್ನು ಬರಿಯ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕೇಸಿಗೆಂದು ನಮ್ಮೂರು ಮೂಡಲಗಿಯಿಂದ ಬಂದಾಗಲೆಲ್ಲ ಆ ತಾಯಿ ನಮಗೆ ಬಾಗಿಲಲ್ಲಿ ನೀರು ಕೊಡಿಸಿದ್ದಳು. ಅಕ್ಕ ನನ್ನ ಹೆಂಡತಿ ಯಲ್ಲವ್ವನಿಗೆ ಹೇಳಿದಳು: "ಮುಂಡಿ ನಾ ತುಂಬಾಕ ಬರೂದಿಲ್ಲ. ನೀ ತುಂಬಿ ಬಾ." ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಒಂದು ಇಳಕಲ್ ಕುಪ್ಪಸದ ಖಣ. ನಾನೂ ಬೇಡವೆನ್ನಲಿಲ್ಲ. ಅದರಲ್ಲಿ ಬೇಡವೆನ್ನುವಂಥದ್ದೇನಿದೆ ಎಂದೇ ನನಗೆ ತಿಳಿಯಲಿಲ್ಲ.

ಶುಕ್ರವಾರ ಸಾಹೇಬರು ಕಾಗದ ಬಿಚ್ಚಿ ಓದಬೇಕು, ಅಷ್ಟರಲ್ಲಿ ಮುರಿಗೆಪ್ಪನ ವಕೀಲ ಎದ್ದು ನಿಂತ. "ನಿನ್ನೆ ಸಂಜಿಗೆ ತಮ್ಮ ಮನಿಗೆ ವಾದಿ ಕಡೆಯವರು ಏನೋ ಒಯ್ದು ಕೊಟ್ಟಾರಂತ್ರಿ."

ಸಾಹೇಬರು ಧಾರವಾಡದ ಕಡೆಯವರು, ನಮ್ಮ ಮಾತೇ. "ಯಾರದು?" ಎಂದರು. ಯಲ್ಲವ್ವ ಹಿಂದಿನಿಂದ ಎದ್ದಳು.

"ಯಾಕ ಉಡಿ ತುಂಬಿದಿ ತಾಯಿ?"

"ಊರ ಬಿಟ್ಟ ಹೊಂಟಾರಲ್ರಿ."

"ನಿಮ್ಮ ಕೇಸ ನನ್ನ ಮುಂದ ಐತಿ ಅನ್ನೂದು ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಕೇಸ ನಿಮ್ಮ ಕಡೆ, ಉಡಿ ಅವ್ವಾರ ಕಡೆ."

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಕೈಯೊಳಗಿನ ಕಾಗದ ಮಡಚಿ ಕೋಟಿನ ಕಿಸೆಯಲ್ಲಿಟ್ಟರು.

"ನಿನ್ನ ತಪ್ಪಿಲ್ಲವ್ವ. ಆದ್ರ ಇವತ್ತ ನಾ ತೀರ್ಪು ಹೇಳಿದ್ರ, ಹೊಲ ತೆಂಗಿನಕಾಯಿಗೆ ಮಾರಾಟಾತು ಅಂತ ಊರ ಆಡಿಕೊಳ್ಳತೈತಿ. ಉತ್ತರ ಕೊಡಾಕ ನಾಳೆ ನಾ ಈ ಕುರ್ಚಿ ಮ್ಯಾಲ ಇರೂದಿಲ್ಲ. ಮುಂದ ಬಂದಾಂವ ಹೇಳಲಿ."

ಕಿಸೆಯಲ್ಲಿಟ್ಟದ್ದು ಯಾರ ಕಡೆಗಿತ್ತೋ, ಇಂದಿಗೂ ಗೊತ್ತಿಲ್ಲ. ಅಕ್ಕ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತಳು. "ನನ್ನ ಕೈಯಾರೆ ನಾ ಹೊಲ ಕಳಕೊಂಡೆ," ಎಂದಳು. ಯಲ್ಲವ್ವ ಆಮೇಲೆ ಬಹಳ ದಿನ ಸರಿಯಾಗಿ ಉಣ್ಣಲಿಲ್ಲ.

ಸುಗ್ಗಿ ಮುಗಿದ ಮೇಲೆ ಹೊಸ ಸಾಹೇಬ ಬಂದ. ಎಳೆಯ ಮನುಷ್ಯ, ಮಾತು ಕಡಿಮೆ. ಬರೆದಿಟ್ಟ ಸಾಕ್ಷಿ ಓದಿಯೂ ತೀರ್ಪು ಕೊಡಬಹುದಿತ್ತಂತೆ. ಆದರೆ ಮುರಿಗೆಪ್ಪನ ವಕೀಲ ಪಾಯಪ್ಪನವರನ್ನು ಮತ್ತೆ ಕರೆಸಿರೆಂದ. ಅವರು ಹಾಸಿಗೆ ಹಿಡಿದಿದ್ದು ಅವನಿಗೆ ಗೊತ್ತಿತ್ತು. ಹೊಸ ಸಾಹೇಬನೂ, "ಮನುಷ್ಯಾನ್ನ ನೋಡದ ನಾ ಹೆಂಗ ಹೇಳಲಿ?" ಎಂದ.

ನಾನು ಬಂಡಿ ಕಟ್ಟಿಕೊಂಡು ಹುಕ್ಕೇರಿ ಕಡೆಯ ಹತ್ತರಗಿಗೆ ಹೋದೆ. ಪಾಯಪ್ಪ ಅಲ್ಲಿ ಮಗಳು ರಾಜಮತಿಯ ಮನೆಯಲ್ಲಿದ್ದರು. ಆಕೆ ಬಾಗಿಲಿಗೆ ಅಡ್ಡ ನಿಂತಳು. "ಒಮ್ಮೆ ಹೇಳ್ಯಾರಲ್ಲ! ಜಡ್ಜ ಬದಲಾದಾಗೊಮ್ಮೆ ನಮ್ಮಪ್ಪನ ಹೊತಗೊಂಡ ತಿರಗಬೇಕೇನು?"

ಒಳಗಿನಿಂದ ಮುದುಕರ ದನಿ ಬಂತು: "ಕುರ್ಚಿಯಾಂವ ಬದಲಾಗ್ಯಾನ, ಕೆಂಡ ಬದಲಾಗಿಲ್ಲ. ಬಂಡ್ಯಾಗ ಹುಲ್ಲ ಹಾಸೋ ಲಕ್ಕಪ್ಪ."

ಮುರಿಗೆಪ್ಪನ ವಕೀಲನ ಉಪಾಯ, ಪಾಯಪ್ಪ ಕೋರ್ಟಿನಲ್ಲಿ ನಿಂತ ದಿನ ಮಧ್ಯಾಹ್ನವೇ ನನಗೆ ತಿಳಿಯಿತು. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಪಾಯಪ್ಪ ನೀರನ್ನೂ ಮುಟ್ಟುವವರಲ್ಲ. ಬಾಯಾರಿದ ಮುದುಕರು ಮಾತು ತಪ್ಪಲೆಂದು ವಕೀಲ ಕೇಳಿದ್ದನ್ನೇ ತಿರುಗಿಸಿ ಕೇಳುತ್ತ ಹೊತ್ತು ಇಳಿಸತೊಡಗಿದ. ಮುದುಕರು ಕಟಕಟೆ ಹಿಡಿದು ನಿಂತಿದ್ದರು. ರಾಜಮತಿ ನೀರಿನ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತು ಒಮ್ಮೆ ಅಪ್ಪನನ್ನು, ಒಮ್ಮೆ ಗುಡ್ಡದ ಮೇಲಿನ ಸೂರ್ಯನನ್ನು ನೋಡುತ್ತಿದ್ದಳು. ಒಂದು ಮಾತು ತಪ್ಪಿದರೆ ಹೊಲ ಹೋಯಿತು.

"ನೀವು ಪಾರವ್ವನ ಉಪ್ಪು ತಿಂದವರು, ಹೌದಲ್ಲೊ?" ಎಂದ ವಕೀಲ.

"ಆಕಿ ಮನಿ ನೀರ ಸುದ್ದಾ ಕುಡಿಯಾಂವಲ್ಲ ನಾ."

ಅಷ್ಟಕ್ಕೆ ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ. ಪಾಯಪ್ಪನಿಗೆ ತನ್ನ ಮೇಲೆ ಹಗೆ ಇದೆಯೆಂದು ತೋರಿಸಬೇಕಿತ್ತು ಅವನಿಗೆ. ಎದ್ದು ಕೂಗಿದ: "ನಮ್ಮ ಮನೀದೂ ಮುಟ್ಟಂಗಿಲ್ರಿ ಈ ಮುದುಕ! ಮೊದಲೆಲ್ಲಾ ದಿನಾ ಬಂದು ಹಾಲ ಕುಡಿತಿದ್ದ. ಈಗ ಹಬ್ಬಕ್ಕ ಕರದರೂ ಹೊಸ್ತಿಲ ತುಳಿಯಂಗಿಲ್ಲ!"

ಹೊಸ ಸಾಹೇಬ ಬರೆಯುವ ಟಾಕು ಕೆಳಗಿಟ್ಟ. "ಯಾಕ ಬಿಟ್ರಿ ಅಜ್ಜಾರ?"

"ಒಲಿ ಹಂಚಿದಾಂವ ಆ ಎರಡೂ ಮನ್ಯಾಗ ಮತ್ತ ಬಾಯಿ ಇಡಬಾರದ್ರಿ. ನಾಳೆ ಜಗಳಾದ್ರ ಸಾಕ್ಷಿ ಹೇಳಾಂವ ಅವನಽ ಅಲ್ರಿ."

ಸಾಹೇಬ ಮುರಿಗೆಪ್ಪನ ಕಡೆ ತಿರುಗಿದ. "ನಿಮ್ಮನಿ ಹಾಲ ಯಾವಾಗ ಬಿಟ್ರು ಇವರು? ನಿಮ್ಮ ತಮ್ಮ ಸತ್ತ ಮ್ಯಾಲೋ, ಇದ್ದಾಗೋ?"

ಮುರಿಗೆಪ್ಪ ವಕೀಲನ ಮುಖ ನೋಡಿದ. ವಕೀಲ ನೆಲ ನೋಡಿದ.

"ಇದ್ದಾಗ... ಇದ್ದಾಗನ್ರಿ," ಎಂದ ಮೆಲ್ಲಗೆ. ಸುಳ್ಳು ಹೇಳಿದ್ದರೂ ನಡೆಯುತ್ತಿರಲಿಲ್ಲ. ಅರ್ಧ ಮಮದಾಪುರ ಹಿಂದೆ ನಿಂತಿತ್ತು. ಒಲೆ ಹಂಚಿದ್ದು ತಮ್ಮ ಬದುಕಿದ್ದಾಗಲೇ ಎಂದು ಅವನೇ ಹೇಳಿದಂತಾಯಿತು.

"ಮೊದಲ ಅವರಿಗೆ ನೀರ ಕೊಡ್ರಿ," ಎಂದ ಸಾಹೇಬ.

ಹೊರಗೆ ಸೂರ್ಯ ಇನ್ನೂ ಗುಡ್ಡದ ನೆತ್ತಿಯ ಮೇಲಿದ್ದ. ಅಕ್ಕ ತನ್ನ ತಂಬಿಗೆಯನ್ನೇ ಹಿಡಿದುಕೊಂಡು ಓಡಿ ಬಂದಳು. ಪಾಯಪ್ಪ ಕೈ ಅಡ್ಡ ಹಿಡಿದರು.

"ಮತ್ತ ಅದಽ ತಪ್ಪು ಮಾಡ್ತಿಯಲ್ಲ ಮಗಳ. ತೀರ್ಪು ಇನ್ನೂ ಬರಬೇಕು. ಬಂದ ಮ್ಯಾಲೂ ನಿನ್ನ ನೀರು ನನಗಿಲ್ಲ."

ರಾಜಮತಿಯ ಗಿಂಡಿ ಎತ್ತಿ, ಬಿಸಿಲು ಗುಡ್ಡ ಇಳಿಯುವ ಮೊದಲು, ಗಟಗಟನೆ ಕುಡಿದರು.

ಮುಂದಿನ ತಾರೀಕಿಗೆ ತೀರ್ಪು ಬಂತು. ಹೊಲ ಅಕ್ಕನದಾಯಿತು. ಆ ಬಾವಿಯ ನೀರನ್ನು ಊರೆಲ್ಲ ಕುಡಿಯಿತು, ಪಾಯಪ್ಪ ಒಬ್ಬರು ಕುಡಿಯದೆಯೇ ಹೋದರು.