ಎಡತೋಳಿಲ್ಲದ ಎರಡು ಸಾವಿರ ಅಂಗಿ

ಆ ಹೊಲಿಗೆ ಕಾರ್ಖಾನೆಯ ಸೆಕೆಗೆ ಹಲ್ಲಿಗಳೂ ಗೋಡೆ ಬಿಟ್ಟು ಓಡಿಹೋಗಿದ್ದವು. ಅರವತ್ತು ಹೆಂಗಸರು ಮಾತ್ರ ಓಡಿರಲಿಲ್ಲ. ಬಟ್ಟೆಗೆ ಧೂಳು ಕೂರುತ್ತದೆಂದು ಮಾಲೀಕ ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ನೀರು ಕುಡಿಯಲು ಎದ್ದರೆ ದಂಡದ ಚೀಟಿ, ಕೆಮ್ಮಿದರೆ ಗದರಿಕೆ. ಅಂಥ ನರಕದಲ್ಲೂ ಬೆಳಿಗ್ಗೆ ಬೆಳಿಗ್ಗೆ ಚಪ್ಪಾಳೆ ಹೊಡೆಸುವವಳು ಒಬ್ಬಳಿದ್ದಳು, ಲೀಡರಕ್ಕ.

ಅವಳ ಗಂಟಲೆಂದರೆ ಸಾಮಾನ್ಯ ಗಂಟಲಲ್ಲ. ಅರವತ್ತು ಮೆಷಿನ್ನು ಓಡುವಾಗಲೂ ಅವಳು "ದಾರ!" ಎಂದರೆ ಮೂರು ಬೀದಿಯಾಚೆ ಹೋಗುವವರು ಜೇಬು ತಡಕಿಕೊಳ್ಳುತ್ತಿದ್ದರು. ಹನ್ನೆರಡು ವರ್ಷ ಎಡತೋಳು ಕೂಡಿಸಿದವಳು. ಅಂಗಿ ಚಿಂದಿಯಾದರೂ ಅವಳು ಕೂಡಿಸಿದ ತೋಳು ಕಳಚುತ್ತಿರಲಿಲ್ಲ.

ಹದಿನೈದು ದಿನದ ಹಿಂದೆ ಮಾಲೀಕ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆಸಿದ್ದ.

"ಕಾಲ ಸರಿ ಇಲ್ಲಮ್ಮ. ಮುಂದೆ ಆರ್ಡರ್ ಬರುತ್ತೋ ಇಲ್ವೋ. ಹೆಂಗಸರು ಹೆದರಬಾರದು. ನೀನು ಧೈರ್ಯ ತುಂಬಬೇಕು."

"ಕಾರ್ಖಾನೆ ಮುಚ್ಚಲ್ಲ ತಾನೇ ಸಾರ್?"

"ಛೆ! ನಾವೆಲ್ಲ ಒಂದೇ ಮನೆಯೋರು."

ಅವಳು ನಂಬಿದಳು. ದಿನಾ ಸ್ಟೂಲು ಹತ್ತಿ ಅದನ್ನೇ ಕೂಗಿದಳು. ಎದುರು ಬೀದಿಯ ಕಾರ್ಖಾನೆ ಇಪ್ಪತ್ತು ಜನರನ್ನು ಕರೆದಾಗ, "ಯಾಕ್ರೇ ಹೋಗ್ತೀರಾ? ನಾನಿಲ್ವಾ?" ಎಂದು ತಡೆದಳು. ಮೊದಲು ತಡೆದದ್ದು ಸ್ವಂತ ನಾದಿನಿಯನ್ನೇ. ಎರಡು ದಿನದಲ್ಲಿ ಆ ಜಾಗಗಳಿಗೆ ಬೇರೆಯವರು ಬಂದು ಕೂತರು.

ಗುರುವಾರ ಮಧ್ಯಾಹ್ನ ಮೆಕ್ಯಾನಿಕ್ ಮೆಷಿನ್ನುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದ.

"ಏನಣ್ಣ, ಮೆಷಿನ್ನುಗಳನ್ನ ಶಾಲೆಗೆ ಸೇರಿಸ್ತೀಯಾ?" ಎಂದಳು ಲೀಡರಕ್ಕ.

ಅವನು ತಲೆ ಎತ್ತಲಿಲ್ಲ. "ಶನಿವಾರ ಸಂಜೆ ಲಾರಿ ಬರುತ್ತಕ್ಕ. ಎಲ್ಲಾ ಬೇರೆ ಊರಿಗೆ. ನಿಂಗೆ ಹೇಳಿಲ್ವಾ?"

ಅವಳು ಬಾಗಿಲು ತಟ್ಟದೆ ಗಾಜಿನ ಕೋಣೆಗೆ ನುಗ್ಗಿದಳು. ಮಾಲೀಕ ಹಲ್ಲುಕಡ್ಡಿ ಆಡಿಸುತ್ತಿದ್ದ.

"ನಿನ್ನ ಕೆಲಸ ಎಲ್ಲೂ ಹೋಗಲ್ಲಮ್ಮ. ಆ ಊರಲ್ಲೂ ಧೈರ್ಯ ತುಂಬೋರು ಬೇಕು. ನಾಳೆ ಶುರುವಾಗೋ ಕೊನೇ ಆರ್ಡರಿನ ಎರಡು ಸಾವಿರ ಅಂಗಿ ಮುಗಿಯೋವರೆಗೆ ನಗ್ತಾ ಇರು, ಸಾಕು."

ಶುಕ್ರವಾರ ಬೆಳಿಗ್ಗೆ ಅವನು ಬರುವ ಮೊದಲೇ ಸ್ಟೂಲು ಹತ್ತಿದಳು. ಅವತ್ತು ಚಪ್ಪಾಳೆ ಹೊಡೆಸಲಿಲ್ಲ.

"ನಾನು ಹೇಳಿದ್ದೆಲ್ಲ ಸುಳ್ಳು ಕಣ್ರೇ. ನಾಳೆ ಸಂಜೆ ಮೆಷಿನ್ನು ಲಾರಿಗೆ, ನಾವು ಬೀದಿಗೆ."

ಮೊದಲು ಒಂದು ದಾರದ ಉಂಡೆ ಬಂದು ಅವಳ ಹಣೆಗೆ ಬಿತ್ತು. ಆಮೇಲೆ ಬಿದ್ದ ಬೈಗುಳಕ್ಕೆ ಗೋಡೆಯ ಸುಣ್ಣವೇ ಉದುರಿತು.

"ಅತ್ತಿಗೆ, ನಿನ್ನ ಬಾಯಿ ನಂಬಿ ಬಂದ ಕೆಲಸ ಒದ್ದೆನಲ್ಲೇ!" ನಾದಿನಿ ಎದ್ದು ನಿಂತಳು. "ನಿನಗೆ ಮಾತ್ರ ಅಲ್ಲಿ ಕುರ್ಚಿ ಹಾಕಿರಬೇಕು?"

"ಹಾಕಿದ್ದಾನೆ. ನಾನು ಹೋಗಲ್ಲ."

"ಥೂ!"

"ಉಗಿ. ಉಗಿದಾದ ಮೇಲೆ ಕೇಳು. ಕೆಲಸ ನಿಲ್ಲಿಸಿದ್ರೆ ಇವತ್ತೇ ಹೊರಗೆ ಹಾಕ್ತಾನೆ. ಹೊಲಿಯೋಣ. ಎಡತೋಳೊಂದು ಬಿಟ್ಟು ಎಲ್ಲಾ ಹೊಲಿಯೋಣ. ಅದಿಲ್ಲದ ಅಂಗಿ ಯಾರು ಕೊಳ್ತಾರೆ?"

ಎಡತೋಳಿನ ಸಾಲಿನಲ್ಲೇ ಕೂರುತ್ತಿದ್ದ ನಾದಿನಿ ತನ್ನ ಮೆಷಿನ್ನಿಗೆ ಬಾಗಿದಳು. ಅದರ ಸೂಜಿ ಬಿಚ್ಚಿ ಸೆರಗಿಗೆ ಚುಚ್ಚಿಕೊಂಡಳು. ಪಕ್ಕದವಳೂ ಬಿಚ್ಚಿದಳು.

ಎರಡು ದಿನ ಎಡತೋಳಿನ ಎಂಟು ಮೆಷಿನ್ನು ಸೂಜಿಯಿಲ್ಲದೆ ಓಡಿದವು. ಆ ಸದ್ದು ಕೇಳಿ ಮಾಲೀಕ ಗಾಜಿನ ಹಿಂದೆ ತಲೆದೂಗಿದ. ಎಡಬದಿ ಒಳಗೆ ಮಡಚಿ ಒಟ್ಟಿದ ಅಂಗಿಗಳು ಸೂರು ಮುಟ್ಟಿದವು.

ಶನಿವಾರ ಸಂಜೆ ಅಂಗಿ ಕೊಳ್ಳುವವನನ್ನು ಕರೆತಂದು ಮಾಲೀಕ ಒಂದು ಅಂಗಿ ಬಿಡಿಸಿದ. ಇನ್ನೊಂದು. ಹತ್ತು. ಕೊಳ್ಳುವವನು ತನ್ನ ಎಡಗೈ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡ.

"ಎಡತೋಳೆಲ್ಲಿ?" ಮಾಲೀಕ ಕಿರುಚಿದ.

"ಅದರ ಮೇಲೇ ಕೂತಿದ್ದೀವಿ," ಎಂದಳು ನಾದಿನಿ. ಅರವತ್ತೂ ಜನ ತೋಳಿನ ಕಟ್ಟು ಹಾಸಿಕೊಂಡು, ಮೆಷಿನ್ನಿನ ಕಾಲು ತಬ್ಬಿ ನೆಲದ ಮೇಲೆ ಕೂತಿದ್ದರು. ನಡುವೆ ಲೀಡರಕ್ಕ.

"ಏಳೋದಕ್ಕೆ ಹೇಳೇ ಇವರಿಗೆ! ಲೀಡರ್ ಅಲ್ವೇನೇ ನೀನು?"

ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಅವಳ ಕೈ ಅದುಮಿದಳು.

"ಅವಳನ್ನ ಯಾಕೋ ಕೇಳ್ತೀಯಾ? ಮೆಷಿನ್ನು ಇಲ್ಲೇ ಇರುತ್ತೆ ಅಂತ ಬರೆದುಕೊಡು. ಇಲ್ಲಾಂದ್ರೆ ಅರವತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕೇಳ್ತಾ ಬಾ."

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಒಬ್ಬಳೂ ಏಳಲಿಲ್ಲ.