ನಾಲಿಗೆಗಿಳಿಯುವ ಹನಿ

ಮತ್ತೆ ಉಬ್ಬುತ್ತಿದೆ ಅದು, ಕಣ್ಣಿನ ಔಷಧಿ ಬಾಟಲಿಯ ಮೂತಿಯಲ್ಲಿ, ನೆಗಡಿಯಾದ ಕೂಸಿನ ಮೂಗಿನ ತುದಿಯಲ್ಲಿ ತೂಗುವ ಹಾಗೆ, ಬೀಳಲೂ ಒಲ್ಲದು ಒಳಗೆ ಹೋಗಲೂ ಒಲ್ಲದು, ಅದರ ಹಿಂದೆ ಮಗಳ ಹೆಬ್ಬೆರಳು, ಬೆರಳಿಗೆ ಈರುಳ್ಳಿ ವಾಸನೆ, ಸೋಪು ಹಾಕಿ ತೊಳೆದರೂ ಹೋಗದ್ದು, ಅದರ ಹಿಂದೆ ಅಡುಗೆಮನೆಯ ಟ್ಯೂಬ್‌ಲೈಟು — ಥೂ, ಎಂದುಕೊಂಡಳು ಅವಳು, ಬಾಯಿಬಿಟ್ಟಲ್ಲ, ಬಾಯಿ ಮುಚ್ಚಿಯೇ ಇತ್ತು, ರೆಪ್ಪೆಯೂ ಮುಚ್ಚಿಕೊಂಡಿತು, ತಣ್ಣನೆಯ ಹುಳುವೊಂದು ಕೆನ್ನೆಯ ಮೇಲೆ ಹರಿದು ಕಿವಿಯೊಳಗೆ ಇಳಿಯಿತು. ಅಮ್ಮಾ, ಮತ್ತೆ ಮುಚ್ಕೊಂಡೆಯಲ್ಲ, ಒಂದು ಹನಿ ದಂಡ ಆಯ್ತು. ನಾನೆಲ್ಲೇ ಮುಚ್ಚಿದೆ, ಅದೇ ಮುಚ್ಕೊಳ್ತು. ಅದೇ ಅಂತೆ, ನಿನ್ನ ಕಣ್ಣಿಗೇನು ಬೇರೆ ಯಜಮಾನ್ರು ಇದಾರಾ, ಹೇಳು, ಅವರ ಹತ್ರಾನೇ ಮಾತಾಡ್ತೀನಿ. ಮಗಳು ಟವೆಲ್ಲಿನ ತುದಿಯಿಂದ ಕಿವಿ ಒರೆಸಿದಳು, ಮೊದಲು ಒರಟಾಗಿ, ಆಮೇಲೆ ಮೆತ್ತಗೆ, ಆಪರೇಷನ್ ಆಗೋವರೆಗೂ ಇನ್ಮೇಲೆ ನಾನೇ ಹಾಕೋದು ಎಂದು ಇವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಮಾನ ಮಾಡಿಬಿಟ್ಟಿದ್ದಾಳೆ, ಆಪರೇಷನ್ — ಔಷಧಿಗೆ ನಿಮ್ಮ ಕಣ್ಣು ಬಗ್ತಾ ಇಲ್ಲಮ್ಮ ಎಂದರು ಡಾಕ್ಟರು, ವರ್ಷದಿಂದ ಹಾಕ್ತಾ ಇದೀರಿ, ಒಳಗಿನ ಒತ್ತಡ ಇದ್ದ ಹಾಗೇ ಇದೆ, ಗ್ಲಾಕೋಮಾ ಅಂದ್ರೆ ಹೀಗೇ, ಸದ್ದಿಲ್ಲದೆ ನರ ಸಾಯ್ತಾ ಹೋಗತ್ತೆ, ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು ಅಂದ್ರೆ ಕೊಯ್ದು ಒಳಗಿನ ನೀರಿಗೆ ದಾರಿ ಮಾಡ್ಬೇಕು. ಮಗಳ ಮುಖ ಸುಣ್ಣದಂತಾಯಿತು, ತಾನು ಮಾತ್ರ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಣ್ಣನ್ನು ನೋಡುತ್ತ ಕೂತಿದ್ದಳು, ಧೂಳು ಕೂತ ಗುಡ್ಡೆ, ಯಾರು ಯಾರೋ ಬೆರಳಾಡಿಸಿ ಜಿಡ್ಡಾದದ್ದು, ದಿನಾ ಹಾಕ್ಕೊಳ್ತೀರಲ್ವಾ, ಹೂಂ ಡಾಕ್ಟ್ರೇ, ಎರಡು ಹೊತ್ತೂನಾ, ಹೂಂ. ಹೂಂ ಎನ್ನುವುದು ಎಷ್ಟು ಸಲೀಸು, ನಾಲಿಗೆ ಎತ್ತಲೂ ಬೇಕಿಲ್ಲ, ಆ ಒಂದು ಹೂಂ ನಂಬಿ ಅವರು ಕತ್ತರಿ ಹಿಡಿಯುತ್ತಾರೆ, ನಿನ್ನೆಯ ಆ ಬಿಳಿ ತೋಳು — ಬೇಡ, ಅದು ಬೇಡ.

ನಾಲಿಗೆ, ಎಲ್ಲ ಈ ನಾಲಿಗೆಯಿಂದ, ಚಹಾ ಕಂಪನಿಯ ರುಚಿ ನೋಡುವ ಕೋಣೆಯಲ್ಲಿ ಅವಳನ್ನು ಕರೆಯುವುದೇ ನಾಲಿಗೆಯಮ್ಮ ಎಂದು, ಉದ್ದನೆಯ ಕಟ್ಟೆ, ಸಾಲಾಗಿ ಬಿಳಿ ಪಿಂಗಾಣಿ ಬಟ್ಟಲು, ಬಟ್ಟಲಿಗೊಂದು ಮುಚ್ಚಳ, ಮುಚ್ಚಳದ ಮೇಲೆ ಬೆಂದ ಎಲೆ, ಚಮಚದಲ್ಲಿ ತೆಗೆದು ಸೊರ್ರೆಂದು ಎಳೆಯಬೇಕು, ಮನೆಯಲ್ಲಿ ಮಾಡಿದರೆ ಬೆನ್ನಿಗೆ ಗುದ್ದು ಬೀಳುವಂಥ ಸದ್ದು, ಬಾಯಲ್ಲಿ ಒಮ್ಮೆ ಹೊರಳಿಸಿ, ಎಡಗಡೆ ಗಾಲಿಯ ಮೇಲೆ ನಿಂತ ಪೀಕದಾನಿಗೆ ಉಗಿದು, ಅದನ್ನು ಮೊಣಕಾಲಲ್ಲಿ ಮುಂದಕ್ಕೆ ತಳ್ಳಿ ಮುಂದಿನ ಬಟ್ಟಲು, ಎಳೆ, ಹೊರಳಿಸು, ಉಗಿ, ತಳ್ಳು, ಯಾವ ಎಲೆ ಒಣಗಿಸುವಾಗ ಸುಟ್ಟಿದೆ, ಯಾವ ಚೀಲ ಲಾರಿಯಲ್ಲಿ ಸೀಮೆಎಣ್ಣೆ ಡಬ್ಬದ ಪಕ್ಕ ಕೂತಿತ್ತು, ಹೇಳಿಬಿಡುತ್ತಿದ್ದಳು, ನಿನ್ನ ನಾಲಿಗೆಗೆ ಹೆದರಿ ನಾನು ಒಲೆ ಹತ್ರಾನೇ ಹೋಗಲ್ಲ ಕಣೇ ಎನ್ನುತ್ತಿದ್ದರು ಮಗಳ ಅಪ್ಪ, ಬದುಕಿದ್ದಾಗ, ಸೋಮಾರಿತನಕ್ಕೆ ಒಳ್ಳೆಯ ನೆಪ. ಅಂಥ ನಾಲಿಗೆಗೆ ಈ ಹನಿ. ಕಣ್ಣಿಗೆ ಬಿಟ್ಟದ್ದು ಕಣ್ಣಲ್ಲಿ ಇರಬಾರದೇ, ಮೂಗಿನ ಹಿತ್ತಿಲಿನಿಂದ ಕಳ್ಳನಂತೆ ಇಳಿದು ಗಂಟಲ ಬುಡಕ್ಕೆ ಬರುತ್ತದೆ, ಮಾತ್ರೆ ಅರೆದು ತುಕ್ಕು ಹಿಡಿದ ಬೀಗದ ಕೈಗೆ ಸವರಿ ನೆಕ್ಕಿದ ಹಾಗೆ, ಉಗಿದರೂ ಹೋಗದು, ಉಪ್ಪುನೀರು ಮುಕ್ಕಳಿಸಿದರೂ ಹೋಗದು, ಮಧ್ಯಾಹ್ನದವರೆಗೂ ಎಲ್ಲ ಬಟ್ಟಲಲ್ಲೂ ಅದೇ, ಒಂದು ದಿನ ಒಳ್ಳೆಯ ಎಲೆಯನ್ನೇ ಕಹಿ ಎಂದು ತಳ್ಳಿಹಾಕಿದಳು, ಇಡೀ ಲೋಡು ವಾಪಸು ಹೊರಟಿತ್ತು, ಪಕ್ಕದಲ್ಲಿ ನಿಲ್ಲುವ ಬೆಳ್ಳಕ್ಕಿ — ದಿನವಿಡೀ ಚಹಾದ ನಡುವೆ ಇದ್ದರೂ ಬಿಳಿ ಕೋಟಿಗೆ ಒಂದು ಕಲೆ ಹತ್ತಿಸಿಕೊಳ್ಳದವಳು, ಅದಕ್ಕೇ ಆ ಹೆಸರು — ಅಕ್ಕಾ, ಇನ್ನೊಂದ್ಸಲ ನೋಡ್ತೀರಾ ಎಂದು ಮೆಲ್ಲಗೆ ಕೇಳಿದ್ದರಿಂದ ಮಾನ ಉಳಿಯಿತು. ನಾಲಿಗೆ ಹೋದರೆ ಆ ಕಟ್ಟೆಯ ಮುಂದೆ ಅವಳು ಯಾರು, ಬಟ್ಟಲು ತೊಳೆಯುವುದಕ್ಕೂ ವಯಸ್ಸಾದವರನ್ನು ಇಟ್ಟುಕೊಳ್ಳುವುದಿಲ್ಲ. ಆವತ್ತು ಸಂಜೆಯೇ ಉಪಾಯ ಹೊಳೆದದ್ದು, ಹೊಲಸು ಉಪಾಯ, ಕಣ್ಣು ಮುಚ್ಚಿಕೊಂಡು ರೆಪ್ಪೆಯ ಮೇಲೆ ಬಿಟ್ಟರೆ ಹನಿ ಹೊರಗೇ ಜಾರುತ್ತದೆ, ಗಂಟಲಿಗೆ ಬರುವುದಿಲ್ಲ, ರೆಪ್ಪೆಗೂದಲ ಸಂದಿಯಿಂದ ಅಷ್ಟೋ ಇಷ್ಟೋ ಇಂಗೀತು, ಒಣಗಿದ ಎಲೆ ನೀರು ಹೀರುವುದಿಲ್ಲವೇ, ಚರ್ಮವೂ ಹೀರೀತು, ಹಾಗೆಂದು ತನಗೆ ತಾನೇ ಹೇಳಿಕೊಂಡು, ಬಾಟಲಿ ಖಾಲಿಯಾದಾಗ ಹೊಸದು ತಂದು, ಅದನ್ನೂ ಕೆನ್ನೆಗೆ ಕುಡಿಸಿ, ಕೆನ್ನೆ ಕೆಂಪಾಗಿ ಸಿಪ್ಪೆ ಸುಲಿದು, ಬೆಳಿಗ್ಗೆ ಎದ್ದರೆ ಮುಖದ ಮೇಲೆ ಬಸವನಹುಳು ಹರಿದ ಹಾಗೆ ಒಣಗಿದ ಬಿಳಿ ಜಾಡು, ಮಗಳು ಏಳುವ ಮೊದಲೇ ಉಗುರಿನಿಂದ ಕೆರೆದು ತೆಗೆಯುವುದು, ಥೂ. ನೋವಿಲ್ಲ, ಕಣ್ಣು ಕೆಂಪಿಲ್ಲ, ಬಟ್ಟಲಿನ ಅಂಚು ಚೆನ್ನಾಗೇ ಕಾಣುತ್ತದೆ, ಮತ್ತೇನು.

ಪೀಕದಾನಿ ಮಾತ್ರ ಆಗಾಗ ಸಿಗುತ್ತಿರಲಿಲ್ಲ. ಎಡಗಡೆ ಇರಬೇಕಾದದ್ದು ಇರುತ್ತಿರಲಿಲ್ಲ, ಅಲ್ಲಿ ಕತ್ತಲೂ ಅಲ್ಲ, ಮಂಜೂ ಅಲ್ಲ, ಏನೂ ಇಲ್ಲ, ಕತ್ತು ತಿರುಗಿಸಿದರೆ ಅಲ್ಲೇ ನಿಂತಿರುತ್ತಿತ್ತು, ಹುಳಿ ನಾತ ಬೀರುತ್ತ, ಕಂದು ನೊರೆ ತುಂಬಿಕೊಂಡು, ಅಣಕಿಸುವ ಹಾಗೆ, ಯಾರ್ರೀ ಇದನ್ನ ಜರುಗಿಸೋದು ಎಂದು ಗೊಣಗುತ್ತಿದ್ದಳು, ಯಾರೂ ಜರುಗಿಸಿರಲಿಲ್ಲ. ನಿನ್ನೆ — ಎಳೆದಳು, ಹೊರಳಿಸಿದಳು, ಕಣ್ಣು ಮುಂದಿನ ಬಟ್ಟಲ ಮೇಲೆ, ಎಂದಿನಂತೆ ಎಡಕ್ಕೆ ಉಗಿದಳು, ತಗಡಿಗೆ ಬೀಳುವ ಸದ್ದು ಬರಲಿಲ್ಲ, ಮೆತ್ತನೆಯ ಸದ್ದು, ಬಟ್ಟೆಯ ಸದ್ದು, ತಿರುಗಿದರೆ ಬೆಳ್ಳಕ್ಕಿಯ ತೋಳು, ಬಿಳಿ, ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ, ಅದರ ಮೇಲೆ ಕಂದು, ನಡುವೆ ತನ್ನ ಎಂಜಲ ಗುಳ್ಳೆ, ನೂಲಿನ ಉದ್ದಕ್ಕೂ ಹರಡುತ್ತ, ಯಾರೂ ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ ಇನ್ನೂ ಒಳ್ಳೆಯದಿತ್ತು, ಬೆಳ್ಳಕ್ಕಿ ತೋಳನ್ನು ಮೈಯಿಂದ ದೂರ ಹಿಡಿದುಕೊಂಡು, ಸತ್ತ ಇಲಿಯನ್ನು ಬಾಲದಲ್ಲಿ ಹಿಡಿದ ಹಾಗೆ, ಪರವಾಗಿಲ್ಲ ಅಕ್ಕ, ಒಗೆದ್ರೆ ಹೋಗತ್ತೆ ಎಂದಳು. ಹೋಗುವುದಿಲ್ಲ, ಚಹಾದ ಕಲೆ, ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು.

ಅಮ್ಮಾ, ಎಲ್ಲಿಗೆ ಹೋದೆ, ಮೇಲೆ ನೋಡು, ಆ ಜೇಡರಬಲೆ ನೋಡು, ನಾಳೆ ತೆಗೀತೀನಿ, ಬೈಬೇಡ. ತಲೆ ಹಿಂದಕ್ಕೆ ವಾಲಿತು, ಮಗಳ ಬೆರಳು ಕೆಳರೆಪ್ಪೆಯನ್ನು ಎಳೆದು ಜೇಬಿನ ಹಾಗೆ ಮಾಡಿತು, ಚಿಕ್ಕವಳಿದ್ದಾಗ ನನ್ನ ಮೂಗು ಹಿಡಿದು ಸಿರಪ್ ಕುಡಿಸ್ತಿದ್ದೆ ನೆನಪಿದೆಯಾ, ಈಗ ನನ್ನ ಸರದಿ, ನೀನು ನನ್ನ ಸೀರೆ ಮೇಲೇ ಉಗೀತಿದ್ದೆ ಕಣೇ, ಹೂಂ, ನೀನು ಉಗಿದ್ರೆ ಮಾತ್ರ ಬಿಡಲ್ಲ — ಉಬ್ಬಿತು, ತೂಗಿತು, ಬಿತ್ತು. ಚುರ್ರೆಂದಿತು. ಕಣ್ಣು ಮೆಲ್ಲಗೆ ಮುಚ್ಚು, ಹಿಂಡ್ಬೇಡ ಎಂದಳು ಮಗಳು, ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ, ಬೆರಳ ತುದಿ ಒತ್ತಿ ಕೂತಿತು, ಏನೇ ಇದು, ಯಾಕೆ ಒತ್ತುತೀಯ, ಅಯ್ಯೋ ಮೊದಲ್ನೇ ದಿನಾನೇ ಡಾಕ್ಟರು ತೋರಿಸಿದ್ರಲ್ಲಮ್ಮ, ಇಲ್ಲೊಂದು ಸಣ್ಣ ತೂತಿದೆ, ಒತ್ತಿ ಹಿಡ್ಕೊಂಡ್ರೆ ಔಷಧಿ ಗಂಟಲಿಗೆ ಇಳಿಯಲ್ಲ ಅಂತ, ನೀನೇ ಹೂಂ ಹೂಂ ಅಂದೆ. ಅಂದಿದ್ದಳು. ಆ ದಿನ ಪಕ್ಕದ ಕುರ್ಚಿಯ ಮುದುಕನ ಕಣ್ಣಿಂದ ಹಳದಿ ಔಷಧಿ ಸುರಿದು ಅಂಗಿಯ ಕಾಲರಿಗೆ ಇಳಿಯುತ್ತಿತ್ತು, ಅದನ್ನೇ ನೋಡುತ್ತ ಹೂಂ ಹೂಂ ಅಂದಿದ್ದಳು. ಈಗ ಬರುತ್ತದೆ, ಬೀಗದ ಕೈ, ನಾಲಿಗೆ ಕಾಯುತ್ತಿದೆ, ಗಂಟಲ ಬುಡ ಮುದುಡಿಕೊಂಡು ಕಾಯುತ್ತಿದೆ, ಬರಲಿಲ್ಲ. ಉಗುಳು ನುಂಗಿದಳು, ಬರಲಿಲ್ಲ. ಪುಟ್ಟೀ, ಎಂದಳು, ಡಾಕ್ಟರಿಗೆ ಫೋನ್ ಮಾಡು, ಈಗ್ಲೇ ಕೊಯ್ಯೋದು ಬೇಡ ಅನ್ನು, ಔಷಧಿದೇನೂ ತಪ್ಪಿಲ್ಲ, ನಾನು ಅದನ್ನ ಕಣ್ಣೊಳಗೆ ಬಿಟ್ಕೊಂಡೇ ಇಲ್ಲ, ಕೆನ್ನೆ ಮೇಲೆ ಸುರ್ಕೊಂಡೆ, ಕಹಿ ಅಂತ. ಬೆರಳು ಕದಲಲಿಲ್ಲ, ಕೊಂಚ ಬಿಗಿಯಾಯಿತು, ಎಷ್ಟು ದಿನದಿಂದ ಎಂದು ಕೇಳುತ್ತಾಳೆ, ಕೇಳಲಿ, ಮೂಗೆಳೆದುಕೊಂಡ ಸದ್ದು, ಆಮೇಲೆ ಅಲ್ಲಾಡ್ಬೇಡ ಅಮ್ಮ, ಇನ್ನೂ ಸ್ವಲ್ಪ ಹೊತ್ತು, ಈರುಳ್ಳಿ ವಾಸನೆಯ ಬೆರಳು, ಒಂದೇ ಒಂದು ಬೆರಳು, ಬಾಯೆಲ್ಲ ತೊಳೆದಿಟ್ಟ ಬಟ್ಟಲಿನ ಹಾಗೆ ಸ್ವಚ್ಛ, ಇಷ್ಟೇನಾ, ಇಷ್ಟಕ್ಕೇನಾ — ಎಡಗಡೆ, ಏನೂ ಕಾಣದ ಆ ಕಡೆಯಲ್ಲೇ, ಬಿಳಿ ತೋಳು, ಅದರ ಮೇಲೆ ಕಂದು, ನೂಲಿನ ಉದ್ದಕ್ಕೂ, ಬಿಳಿ ತೋಳು, ಕಂದು.